ವಿದೇಶಿ ಸಿನಿಮಾಗಳ ಸಂಗ್ರಹ: ಮನೆಮಂದಿಯೆಲ್ಲ ಕೂತು ನೋಡುವ ಹಾಗೆ ಕಟ್ಟುವುದು ಹೇಗೆ?

ರಾಜ್‌ಕುಮಾರ್ ಬೆಳೆದ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ನಾಟಕ, ಸಿನಿಮಾ ಅಂದರೆ ಊಟ ಬಿಟ್ಟು ಕೂರುವ ಜನ ತುಮಕೂರಿನ ಬೀದಿಬೀದಿಯಲ್ಲೂ ಇದ್ದಾರೆ. ಆದರೆ ಇರಾನಿನದೋ ಜಪಾನಿನದೋ ಸಿನಿಮಾ ನಮ್ಮ ಟಾಕೀಸುಗಳಿಗೆ ಬರುವುದು ಅಪರೂಪ. ನೋಡಬೇಕು ಅನ್ನಿಸಿದರೆ ನಾವೇ ಮನೆಯಲ್ಲಿ ಕೂಡಿಹಾಕಿಕೊಳ್ಳಬೇಕು. ಒಂದು ಲ್ಯಾಪ್‌ಟಾಪ್, ಒಂದು ಟಿವಿ, ಒಂದು ನೋಟ್‌ಬುಕ್ ಇದ್ದರೆ ಶುರು ಮಾಡಬಹುದು.

ಹಾರ್ಡ್ ಡಿಸ್ಕ್ ತುಂಬ ಸಿನಿಮಾ ಇದ್ದು, ಮನೆಯಲ್ಲಿ ಯಾರೂ ಒಂದನ್ನೂ ನೋಡಿಲ್ಲ ಎಂದರೆ ಏನು ಬಂತು? "ಇವತ್ತು ಯಾವುದು ಹಾಕ್ತೀಯ?" ಎಂದು ಅಮ್ಮ, ಅಜ್ಜಿ, ಪಕ್ಕದ ಮನೆ ಮಕ್ಕಳು ಕೇಳುವಂತಾಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಗೊತ್ತಿರುವ ಸಿನಿಮಾದಿಂದ ಹೊರಡಿ

'ಜಗತ್ತಿನ ನೂರು ಶ್ರೇಷ್ಠ ಚಿತ್ರಗಳು' ಎಂಬ ಪಟ್ಟಿ ಹಿಡಿದು ಮೊದಲಿನಿಂದ ಹೊರಟವರು ಬೇಗ ಸುಸ್ತಾಗುತ್ತಾರೆ. ಈಗಾಗಲೇ ಇಷ್ಟಪಟ್ಟ ಕನ್ನಡ ಸಿನಿಮಾ ಹಿಡಿದು ಹೊರಡುವುದು ಸುಲಭ. 'ಉಳಿದವರು ಕಂಡಂತೆ' (2014) ಮೆಚ್ಚಿದ್ದೀರಾ? ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಆ ರೀತಿ ನಿಮ್ಮನ್ನು ಅಕಿರಾ ಕುರೊಸಾವಾ ಅವರ 'ರಾಶೋಮನ್' (1950) ಚಿತ್ರಕ್ಕೆ ಕರೆದೊಯ್ಯುತ್ತದೆ. 1951ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದು, ಪಶ್ಚಿಮದ ದೇಶಗಳು ಜಪಾನಿನ ಕಡೆ ತಿರುಗಿ ನೋಡುವಂತೆ ಮಾಡಿದ ಸಿನಿಮಾ ಇದು.

ಕತ್ತಿ ಹಿಡಿದ ಯೋಧರ ಕಥೆಯಾದ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಹಿಡಿದರೂ ಕುರೊಸಾವಾ ಹತ್ತಿರವೇ ಬರುತ್ತೀರಿ. ಈ ಸಲ 'ಸೆವೆನ್ ಸಮುರಾಯ್' (1954). 3 ಗಂಟೆ 27 ನಿಮಿಷದ ಚಿತ್ರ, ಒಳಗೇ ಇಂಟರ್‌ವಲ್ ಇದೆ. ಎರಡು ರಾತ್ರಿ ಮಾಡಿಕೊಂಡು ನೋಡಿದರೆ ತಪ್ಪಿಲ್ಲ. ಅವರದೇ 'ಯೋಜಿಂಬೊ' (1961) ಕಥೆಯನ್ನು ಎತ್ತಿಕೊಂಡು ಇಟಲಿಯ ಸೆರ್ಜಿಯೋ ಲಿಯೋನೆ ಸ್ಪೇನ್‌ನಲ್ಲಿ ಕೌಬಾಯ್ ಸಿನಿಮಾ ತೆಗೆದರು. ಅದು 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' (1964). ಕನ್ನಡದಿಂದ ಹೊರಟು ಜಪಾನ್ ದಾಟಿ ಇಟಲಿ ಮುಟ್ಟಿದಿರಿ, ಕತ್ತಿ ಹೋಗಿ ಪಿಸ್ತೂಲು ಬಂತು. ಹೀಗೆ ಒಂದರ ಹಿಂದೆ ಒಂದು ಬಂದ ಸಿನಿಮಾಗಳು ಮರೆತುಹೋಗುವುದಿಲ್ಲ.

ಬಗೆಬಗೆಯದ್ದು ಇರಲಿ

ನಗಿಸುವುದು, ಹೆದರಿಸುವುದು, ಕಾರ್ಟೂನು, ಯುದ್ಧ, ಸಾಕ್ಷ್ಯಚಿತ್ರ, ಮನೆ ಜಗಳ – ಒಂದೊಂದು ಬಗೆಗೆ ಮೊದಲು ಒಂದೇ ಸಿನಿಮಾ ಸಾಕು. ಆದಷ್ಟು ಬೇರೆ ಬೇರೆ ದೇಶದ್ದಾಗಿರಲಿ. ಹೆದರಿಸುವುದಕ್ಕೆ ಜರ್ಮನಿಯ 'ನೊಸ್ಫೆರಾಟು' (1922), ಕಾರ್ಟೂನಿಗೆ ಜಪಾನಿನ 'ಮೈ ನೇಬರ್ ಟೊಟೊರೊ' (1988), ಮನೆ ಜಗಳಕ್ಕೆ ಇರಾನಿನ 'ಎ ಸೆಪರೇಶನ್' (2011), ಯುದ್ಧಕ್ಕೆ ಸೋವಿಯತ್ ರಷ್ಯಾದ 'ಕಮ್ ಅಂಡ್ ಸೀ' (1985). ಈ ಕೊನೆಯದನ್ನು ಮಕ್ಕಳೆದುರು ಖಂಡಿತ ಹಾಕಬೇಡಿ. ಆಫ್ರಿಕಾವನ್ನು ಸುಮಾರು ಜನ ಮರೆತೇಬಿಡುತ್ತಾರೆ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಅವರ 'ಬ್ಲ್ಯಾಕ್ ಗರ್ಲ್' (1966) ಸುಮಾರು ಒಂದು ಗಂಟೆಯ ಚಿತ್ರ, ಆದರೆ ತಿಂಗಳುಗಟ್ಟಲೆ ಕಾಡುತ್ತದೆ.

ಮನೆಯವರಿಗೆ ಮೊದಲು ಯಾವುದು ಹಾಕಲಿ ಎಂದು ಕೇಳಿದರೆ ನಾನು ಹೇಳುವುದು ಇರಾನಿನ ಮಜಿದ್ ಮಜಿದಿಯವರ 'ಚಿಲ್ಡ್ರನ್ ಆಫ್ ಹೆವನ್' (1997). ಅಣ್ಣ–ತಂಗಿಗೆ ಸೇರಿ ಇರುವುದು ಒಂದೇ ಜೊತೆ ಶೂ. ತಂಗಿಯ ಕಾಲಿಗೆ ಅದು ದೊಡ್ಡದು. ಓಡುವಾಗ ಕಳಚಿ ಚರಂಡಿ ನೀರಿಗೆ ಬಿದ್ದು ತೇಲಿಕೊಂಡು ಹೋಗುತ್ತದೆ, ಅವಳು ಅದರ ಹಿಂದೆ ಓಡುತ್ತಾಳೆ. ಆ ಹೊತ್ತಿಗೆ ಭಾಷೆ ಗೊತ್ತಿಲ್ಲ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಎಲ್ಲಿಂದ ತರುವುದು?

ಕದ್ದ ಕಾಪಿ ಬೇಡ. ನೇರ ದಾರಿಗಳೇ ಬೇಕಾದಷ್ಟಿವೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಚಿತ್ರಗಳನ್ನು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಿಂದ ಇಳಿಸಿಕೊಳ್ಳಬಹುದು. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕೊರಿಯನ್ ಫಿಲ್ಮ್ ಆರ್ಕೈವ್ ತನ್ನ ಹಳೆಯ ಚಿತ್ರಗಳನ್ನು ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಉಚಿತವಾಗಿ ಇಟ್ಟಿದೆ. 'ಪ್ಯಾರಸೈಟ್' (2019) ನೋಡಿದವರು ಅಲ್ಲಿ 'ದಿ ಹೌಸ್‌ಮೇಡ್' (1960) ನೋಡಲೇಬೇಕು. ಇಂಥವನ್ನು ಇಳಿಸಿಕೊಳ್ಳುವ ಅಗತ್ಯವಿಲ್ಲ, ಕೊಂಡಿಯನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಅದೂ ಸಂಗ್ರಹವೇ.

ಒಟಿಟಿಯಲ್ಲಿ ಒಪ್ಪಂದ ಮುಗಿದ ದಿನ ಸಿನಿಮಾ ಮಾಯವಾಗುತ್ತದೆ. ಹಾಗಾಗಿ ತುಂಬ ಇಷ್ಟವಾದದ್ದನ್ನು ಡಿಸ್ಕ್‌ನಲ್ಲಿ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕೊಳ್ಳುವಾಗ ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ಹೇಳುವ ಗುರುತು. ಡಿವಿಡಿಯಲ್ಲಿ ಭಾರತದ್ದು 5, ಅಮೆರಿಕದ್ದು 1, ಯುರೋಪ್ ಮತ್ತು ಜಪಾನಿನದು 2. ಬ್ಲೂ-ರೇ ಆದರೆ ನಮ್ಮದು ಸಿ, ಅಮೆರಿಕ–ಜಪಾನ್ ಎ, ಯುರೋಪ್ ಬಿ. ನಿಮ್ಮ ಪ್ಲೇಯರ್‌ಗೆ ಹೊಂದದಿದ್ದರೆ ದುಡ್ಡು ದಂಡ.

ಯಾವುದು ಕೊಳ್ಳಬೇಕು ಎಂದು ತಿಳಿಯಲು ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಒಳ್ಳೆಯ ಜಾಗ. ಈಚಿನ ಕೆಲವು ವರ್ಷ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆದಾಗ ತುಮಕೂರಿನವರಿಗೆ ತುಂಬ ಅನುಕೂಲವಾಗಿತ್ತು. ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಅಲ್ಲೇ ಹತ್ತಿರ.

ಅವಧಿ ನೋಡದೆ ಇಟ್ಟುಕೊಳ್ಳಬೇಡಿ

ಹಳೆಯ ಸಿನಿಮಾಗಳ ಕತ್ತರಿಸಿದ ಪ್ರತಿಗಳು ಜಾಸ್ತಿ ಓಡಾಡುತ್ತವೆ. 'ಮೆಟ್ರೋಪೊಲಿಸ್' (1927) ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಮ್ಯೂಸಿಯಂನಲ್ಲಿ ಸಿಕ್ಕಿತು. ಅದನ್ನು ಸೇರಿಸಿದ ಪ್ರತಿ 2010ರಲ್ಲಿ ಹೊರಬಂತು. ಅದು ಸುಮಾರು ಎರಡೂವರೆ ಗಂಟೆ ಇದೆ. ನಿಮಗೆ ಸಿಕ್ಕಿದ್ದು ಒಂದೂವರೆ ಗಂಟೆಯದಾದರೆ ಕಥೆಯ ಎಷ್ಟೋ ಭಾಗ ಅದರಲ್ಲಿಲ್ಲ.

ಟಿವಿಯಲ್ಲಿ ಎರಡು ಕೆಲಸ ಮಾಡಿ. ದೃಶ್ಯವನ್ನು ನುಣುಪು ಮಾಡುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಹಳೆಯ ಚಿತ್ರದ ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಹಾಗೇ ಬಿಡಿ, ಝೂಮ್ ಮಾಡಿದರೆ ತಲೆ, ಕಾಲು ಕತ್ತರಿಸಿಹೋಗುತ್ತವೆ.

ಸಬ್‌ಟೈಟಲ್: ಎಲ್ಲಕ್ಕಿಂತ ಮುಖ್ಯ ಇದೇ

ನಮ್ಮ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೇ ಅಲ್ವಾ? ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದರೆ ಇಬ್ಬರೂ ಸಿನಿಮಾ ನೋಡಿದ ಹಾಗಾಗುವುದಿಲ್ಲ. ಕನ್ನಡ ಸಬ್‌ಟೈಟಲ್ ನೀವೇ ಬರೆಯಿರಿ. ಅಂದುಕೊಂಡಷ್ಟು ಕಷ್ಟವಿಲ್ಲ.

ಅಭ್ಯಾಸಕ್ಕೆ ಮೂಕಿ ಚಿತ್ರ ಒಳ್ಳೆಯದು, ಯಾಕೆಂದರೆ ಬರೆಯಬೇಕಾದ ಸಾಲುಗಳು ಕಡಿಮೆ. ಬಸ್ಟರ್ ಕೀಟನ್ ಅವರ 'ದಿ ಜನರಲ್' (1926) ತೆಗೆದುಕೊಳ್ಳಿ. ಹುಡುಗಿ ಮುನಿಸಿಕೊಂಡು ಹೋಗಿದ್ದಾಳೆ, ರೈಲು ಡ್ರೈವರ್ ಬೇಜಾರಿನಲ್ಲಿ ಎಂಜಿನ್ನಿನ ಗಾಲಿಗಳನ್ನು ಕೂಡಿಸುವ ಕಬ್ಬಿಣದ ಸರಳಿನ ಮೇಲೆ ಕೂತಿದ್ದಾನೆ. ಎಂಜಿನ್ ಹೊರಡುತ್ತದೆ. ಕೂತಲ್ಲೇ ಮೇಲೆ, ಕೆಳಗೆ ತೇಲುತ್ತಾನೆ, ಪಾಪ, ಅವನಿಗೆ ಗೊತ್ತೇ ಆಗುವುದಿಲ್ಲ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಥ ಚಿತ್ರದಲ್ಲಿ ನೀವು ಬರೆಯಬೇಕಾದ್ದು ನಡುನಡುವೆ ಬರುವ ಅಕ್ಷರದ ಫಲಕಗಳಿಗೆ ಮಾತ್ರ.

ನೋಟ್‌ಪ್ಯಾಡ್ ತೆರೆಯಿರಿ. ಪ್ರತಿ ಮಾತಿಗೆ ಮೂರು ಭಾಗ: ಕ್ರಮಸಂಖ್ಯೆ, ಸಮಯ, ಕನ್ನಡ ಸಾಲು. ಹೀಗೆ:

1
00:01:05,200 --> 00:01:08,500
ಬೇಗ ಬಾ, ರೈಲು ಹೊರಟಿತು!

ಗಂಟೆ, ನಿಮಿಷ, ಸೆಕೆಂಡು, ಆಮೇಲೆ ಅಲ್ಪವಿರಾಮ ಹಾಕಿ ಸೆಕೆಂಡಿನ ಸಾವಿರದ ಭಾಗ. ಒಂದು ಮಾತು ಮುಗಿದ ಮೇಲೆ ಒಂದು ಖಾಲಿ ಸಾಲು ಬಿಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ, ವಯಸ್ಸಾದವರು ಓದಲು ಪುರುಸೊತ್ತು ಬೇಕು. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ, ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನೆಚಿಹ್ನೆಗಳು ಬರುತ್ತವೆ. ಫೈಲಿಗೆ ಸಿನಿಮಾದ ಹೆಸರನ್ನೇ ಕೊಟ್ಟು ಕೊನೆಗೆ .srt (ಎಸ್‌ಆರ್‌ಟಿ) ಎಂಬ ಬಾಲ ಸೇರಿಸಿ, ಎರಡನ್ನೂ ಒಂದೇ ಫೋಲ್ಡರಿನಲ್ಲಿಡಿ. ಸಿನಿಮಾ ಓಡಿಸುವ ಉಚಿತ ತಂತ್ರಾಂಶ ವಿಎಲ್‌ಸಿ ಪ್ಲೇಯರ್ ತಾನಾಗಿ ಎತ್ತಿಕೊಳ್ಳುತ್ತದೆ. ಅಕ್ಷರದ ಜಾಗದಲ್ಲಿ ಚೌಕ ಕಂಡರೆ ಸೆಟ್ಟಿಂಗ್‌ನಲ್ಲಿ ನಿರ್ಮಲ ಅಥವಾ ತುಂಗಾ ಫಾಂಟ್ ಆರಿಸಿ.

ಸಬ್‌ಟೈಟಲ್ ಮಾತಿಗಿಂತ ತಡವಾಗಿ ಬರುತ್ತಿದ್ದರೆ ಕೀಬೋರ್ಡಿನ 'ಜಿ' ಒತ್ತಿ, ಮೊದಲೇ ಬರುತ್ತಿದ್ದರೆ 'ಎಚ್' ಒತ್ತಿ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಕಾರಣ ಬೇರೆ. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಯುರೋಪಿನ ಡಿವಿಡಿಗಳಲ್ಲಿ ಅದನ್ನು 25ಕ್ಕೆ ಏರಿಸಿರುತ್ತಾರೆ, ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಪೂರ್ತಿ ಸರಿಹೋಗುತ್ತದೆ.

ಇಡುವುದು, ಕೊಡುವುದು

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಎರಡು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಡಿಸ್ಕ್ ಅನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಡಿವಿಡಿಗಳನ್ನು ನಿಲ್ಲಿಸಿ ಇಡಿ, ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ.

ನೋಟ್‌ಬುಕ್‌ನಲ್ಲಿ ಹೆಸರು, ದೇಶ, ವರ್ಷ, ನಿರ್ದೇಶಕರು, ಅವಧಿ, ಕನ್ನಡ ಸಬ್‌ಟೈಟಲ್ ಇದೆಯೋ ಇಲ್ಲವೋ ಬರೆಯಿರಿ. ಯಾವ ಸಿನಿಮಾ ಹಿಡಿದು ಇಲ್ಲಿಗೆ ಬಂದಿರಿ, ಮನೆಯಲ್ಲಿ ಯಾರು ನೋಡಿದರು, ಏನಂದರು ಅನ್ನುವುದನ್ನೂ ಎರಡು ಸಾಲು ಬರೆದಿಡಿ. ಮುಂದಿನ ಸಿನಿಮಾ ಆರಿಸುವಾಗ ಮೊದಲು ನೋಡುವುದು ಆ ಎರಡು ಸಾಲನ್ನೇ. ಡಿವಿಡಿ ಕೇಳಿದವರಿಗೆ ಧಾರಾಳವಾಗಿ ಕೊಡಿ, ಹೆಸರು–ತಾರೀಖು ಬರೆದುಕೊಂಡು ಕೊಡಿ. ವಾಪಸ್ ತಂದುಕೊಟ್ಟಾಗ ಹೇಗಿತ್ತು ಎಂದು ಕೇಳಿ, ಅದನ್ನೂ ಅಲ್ಲೇ ಪಕ್ಕದಲ್ಲಿ ಬರೆದುಕೊಳ್ಳಿ.