ಮೂಗಿನ ಸ್ಪ್ರೇ ಕೆಲಸ ಮಾಡ್ತಿಲ್ವಾ? ಮೊದಲು ಹಿಡಿಯುವ ಕೈ ಬದಲಿಸಿ

ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಸೀನು, ನೀರಿನ ಹಾಗೆ ಸುರಿಯುವ ಮೂಗು, ಕಣ್ಣಲ್ಲಿ, ಅಂಗುಳಲ್ಲಿ ತುರಿಕೆ. ಜ್ವರ ಮಾತ್ರ ಇಲ್ಲ. ಮಾಮೂಲಿ ನೆಗಡಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಇದು ತಿಂಗಳುಗಟ್ಟಲೆ ನಡೆದರೆ ಅಲರ್ಜಿ ಇರಬಹುದು. ಚಿಕ್ಕಂದಿನಲ್ಲಿ ಇರಲಿಲ್ಲವಲ್ಲ ಅನ್ನಬೇಡಿ, ನಲವತ್ತರಲ್ಲೂ ಹೊಸದಾಗಿ ಶುರುವಾಗುತ್ತದೆ.

ಮೊದಲು ಎರಡು ವಾರ ಬರೆದಿಡಿ. ಯಾವಾಗ ಸೀನು ಬಂತು? ಕಸ ಗುಡಿಸುವಾಗಲಾ, ಅಟ್ಟದ ಕಂಬಳಿ ತೆಗೆದಾಗಲಾ, ಕಾಂಗ್ರೆಸ್ ಗಿಡ ಬೆಳೆದ ಖಾಲಿ ಸೈಟಿನ ಪಕ್ಕ ನಡೆದಾಗಲಾ? ಆ ಚೀಟಿ ಹಿಡಿದು ಇಎನ್‌ಟಿ ಅಥವಾ ಅಲರ್ಜಿ ಡಾಕ್ಟರನ್ನು ನೋಡಿ.

ಅವರು ಚರ್ಮದ ಪರೀಕ್ಷೆ ಹೇಳಬಹುದು. ಮುಂಗೈ ಮೇಲೆ ಅಲರ್ಜಿ ತರಬಹುದಾದ ಬೇರೆ ಬೇರೆ ವಸ್ತುಗಳ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ, 15–20 ನಿಮಿಷ ಬಿಟ್ಟು ಎಲ್ಲಿ ದದ್ದು ಎದ್ದಿದೆ ಅಂತ ಅಳೆಯುತ್ತಾರೆ. ಸಿಟ್ರಿಜಿನ್, ಲಿವೋಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆಗಳನ್ನು ಸಾಮಾನ್ಯವಾಗಿ ವಾರ ಮೊದಲೇ ನಿಲ್ಲಿಸಬೇಕು, ಡಾಕ್ಟರನ್ನು ಕೇಳಿಕೊಂಡೇ. ಕೆಮ್ಮು-ನೆಗಡಿ ಸಿರಪ್ಪಿನಲ್ಲೂ ಇದೇ ಜಾತಿಯ ಔಷಧ ಇರುತ್ತದೆ. ನಮ್ಮ ಅತ್ತಿಗೆ ಸೀನು ತಡೆಯದೆ ಹಿಂದಿನ ರಾತ್ರಿ ಒಂದು ನುಂಗಿ ಹೋದರು. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ಹಾಕುವ, ಎದ್ದೇ ಏಳಬೇಕಾದ ಹಿಸ್ಟಮಿನ್ ಹನಿಗೂ ದದ್ದು ಏಳಲಿಲ್ಲ, ಮತ್ತೊಂದು ದಿನ ಹೋಗಬೇಕಾಯಿತು. ಮಾತ್ರೆ ಬಿಡೋಕೆ ಆಗೋದೇ ಇಲ್ಲ ಅನ್ನುವವರಿಗೆ ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ನೋಡುವ ಪರೀಕ್ಷೆ ಇದೆ. ನೂರಾರು ಆಹಾರಕ್ಕೆ ಒಟ್ಟಿಗೆ ಐಜಿಜಿ (ಇದು ಬೇರೆ ಪ್ರತಿಕಾಯ) ಪರೀಕ್ಷೆ ಅಂತ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ.

ಈಗ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಹತ್ತರಲ್ಲಿ ಎಂಟು ಜನ ತಲೆ ಹಿಂದಕ್ಕೆ ಬಾಗಿಸಿ, ಹಣೆಯ ಕಡೆಗೆ ಹೊಡೆದು, ಸೊರ್ ಅಂತ ಎಳೆಯುವುದನ್ನೇ ನಾನು ನೋಡಿದ್ದೇನೆ. ಔಷಧ ಗಂಟಲಿಗೆ ಇಳಿಯುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ.

ಮೊದಲು ಉಪ್ಪುನೀರಿನಲ್ಲಿ ಮೂಗು ತೊಳೆದು ಮೆಲ್ಲಗೆ ಸೀಟಿಕೊಳ್ಳಿ. ನೀರು ಕುದಿಸಿ ಆರಿಸಿದ್ದೇ ಇರಲಿ, ನಲ್ಲಿ ನೀರು ಬೇಡ. ಆಮೇಲೆ ಸ್ಪ್ರೇ ಬಾಟಲಿ ಅಲ್ಲಾಡಿಸಿ. ಹೊಸದಾದರೆ ಮಂಜಿನ ಹಾಗೆ ಬರುವವರೆಗೆ ಗಾಳಿಗೆ ಹೊಡೆಯಿರಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಕಾಲ್ಬೆರಳು ನೋಡುವ ಹಾಗೆ. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಹೀಗೆ ಹಿಡಿದರೆ ತುದಿ ತಾನಾಗೇ ಹೊರಕ್ಕೆ, ಅದೇ ಬದಿಯ ಕಿವಿಯ ಕಡೆ ತಿರುಗುತ್ತದೆ. ನಡುವಿನ ಗೋಡೆಗೆ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ, ಜನ ಹೆದರಿ ಬಿಟ್ಟುಬಿಡುವುದು ಇದಕ್ಕೇ. ಒತ್ತುತ್ತಾ ಹೂವು ಮೂಸುವಷ್ಟು ಮೆಲ್ಲಗೆ ಉಸಿರೆಳೆದರೆ ಸಾಕು. ಗಂಟಲಲ್ಲಿ ಕಹಿ ಬಂತಾ? ಜೋರಾಗಿ ಎಳೆದಿದ್ದೀರಿ. ಹತ್ತು ನಿಮಿಷ ಮೂಗು ಸೀಟಬೇಡಿ. ತುದಿ ಕಟ್ಟಿದರೆ ಪಿನ್ ಚುಚ್ಚಬೇಡಿ, ಬಿಸಿನೀರಲ್ಲಿ ತೊಳೆಯಿರಿ.

ಇನ್ನೊಂದು, ಮೂರು ದಿನಕ್ಕೇ ಬಿಡಬೇಡಿ. ದಿನಾ ತಪ್ಪದೆ ಹಾಕಿದರೆ ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ತಕ್ಷಣ ಮೂಗು ತೆರೆಯುವ ಕ್ಸೈಲೋಮೆಟಾಜೋಲಿನ್ ಹನಿ ಐದು ದಿನಕ್ಕಿಂತ ಜಾಸ್ತಿ ಬೇಡವೇ ಬೇಡ, ಆಮೇಲೆ ಅದಿಲ್ಲದೆ ಮೂಗೇ ತೆರೆಯುವುದಿಲ್ಲ. ಅಂಗಡಿಯವರು ಸುಮ್ನೆ ಎತ್ತಿಕೊಡುವ ಸ್ಟೀರಾಯ್ಡ್ ಮಾತ್ರೆಯನ್ನೂ ಮುಟ್ಟಬೇಡಿ. ಸಕ್ಕರೆ ಕಾಯಿಲೆ ಇರುವವರಂತೂ ಕೇಳಲೇಬೇಡಿ.

ದೂಳಿನ ನುಸಿಗೆ ಅಲರ್ಜಿ ಅಂತ ಗೊತ್ತಾದರೆ ಹಾಸಿಗೆ ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವ ಅಲರ್ಜಿ ಇಂಜೆಕ್ಷನ್ ಅಂದರೆ ಮೂರು ವರ್ಷವಾದರೂ ಬೇಕು, ನಡುವೆ ಬಿಡುವ ಹಾಗಿದ್ದರೆ ಶುರು ಮಾಡಬೇಡಿ.

ಎದೆಯಲ್ಲಿ ಸುಂಯ್ ಅನ್ನುತ್ತಿದ್ದರೆ ಉಬ್ಬಸಕ್ಕೂ ಪರೀಕ್ಷೆ ಮಾಡಿಸಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಅದಕ್ಕೆ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್, 108ಕ್ಕೆ ಕರೆ ಮಾಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಬಾಟಲಿ ಜೊತೆಗೇ ಒಯ್ಯಿರಿ, ಅವರ ಎದುರಿಗೇ ಒಮ್ಮೆ ಹೊಡೆದು ತೋರಿಸಿ.