ನಂಬರಿನ ಪಕ್ಕದ ನಕ್ಷತ್ರ

ಕೊಡಗಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುವ ಮೊದಲು ಅಜ್ಜ ಅದನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಉಜ್ಜಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಯಾಕೆಂದು ನನಗೆ ತಿಳಿದದ್ದು ಅಮೆರಿಕಕ್ಕೆ ಬಂದು, ಹಳೆಯ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್‌ಗಳ ಹಿಂದೆ ಬಿದ್ದು, ಮೊದಲ ಖರೀದಿಯಲ್ಲೇ ಏಟು ತಿಂದ ಮೇಲೆ.

ಅದು .38 ಡಬಲ್ ಆ್ಯಕ್ಷನ್, ಅಂದರೆ ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಎದ್ದು ಬಡಿಯುವಂಥದ್ದು. 1880ರಲ್ಲಿ ಬಂದ ಮಾದರಿ, ಐದು ಗುಂಡಿನದು, ಬ್ಯಾರೆಲನ್ನು ಕೆಳಕ್ಕೆ ಮಡಚಿ ಗುಂಡು ತುಂಬುವಂಥದ್ದು. ಮಾರಿದವರು ಮೈಮೇಲಿನ ನಿಕ್ಕಲ್ ಲೇಪ ಪೂರ್ತಿ ಮೂಲದ್ದೆಂದರು. ಕಲಾಯಿ ಹಾಕಿದ ಪಾತ್ರೆಯಂಥ ಹೊಳಪಿಗೆ ನಾನು ಮರುಳಾದೆ. ಮನೆಗೆ ತಂದು ನೋಡಿದರೆ ಹ್ಯಾಮರ್, ಟ್ರಿಗರ್, ಟ್ರಿಗರನ್ನು ಸುತ್ತುವರಿದ ಬಳೆಯಾದ ಟ್ರಿಗರ್ ಗಾರ್ಡ್ ಎಲ್ಲಕ್ಕೂ ನಿಕ್ಕಲ್! ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯಿಂದ ಹೊರಟ ಈ ಮಾದರಿಯ ನಿಕ್ಕಲ್ ರಿವಾಲ್ವರಿನಲ್ಲಿ ಟ್ರಿಗರ್ ಗಾರ್ಡ್ ನೀಲಿ. ಹ್ಯಾಮರ್ ಮತ್ತು ಟ್ರಿಗರ್ ಮೇಲೆ ಹೊಗೆಯಾಡಿದಂಥ ಕಂದು, ನೀಲಿ ಬಣ್ಣಗಳ ಕೇಸ್ ಹಾರ್ಡನಿಂಗ್, ಅಂದರೆ ಉಕ್ಕಿನ ಮೇಲ್ಪದರವನ್ನು ಕಾಯಿಸಿ ಗಟ್ಟಿಮಾಡಿದ ಗುರುತು. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಅದ್ದಿದ್ದು ಹೊರಗಿನವರ ಕೆಲಸ. ಲೇಪಕ್ಕೆ ಮೊದಲು ಅತಿಯಾಗಿ ಉಜ್ಜಿದ್ದರಿಂದ ಸ್ಕ್ರೂ ರಂಧ್ರಗಳ ಅಂಚು ತಟ್ಟೆಯಂತೆ ತಗ್ಗಾಗಿತ್ತು, ಬ್ಯಾರೆಲ್ ಮೇಲಿನ ಪೇಟೆಂಟ್ ತಾರೀಖುಗಳು ಅರ್ಧ ಅಳಿಸಿದ್ದವು, ನಿಕ್ಕಲ್ ಕೆಳಗೆ ತುಕ್ಕಿನ ಗುಳಿಗಳು ಹಾಗೇ ಉಳಿದಿದ್ದವು.

ನಿಕ್ಕಲ್ ಲೇಪದ್ದೇ ಆದ ಎರಡನೆಯದನ್ನು ಕೊಳ್ಳುವಾಗ ಕಣ್ಣಿಗಿಂತ ಬೆರಳನ್ನು ನಂಬಿದೆ. ಸಿಲಿಂಡರ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ ಫ್ರೇಮಿನ ಅಂಚುಗಳ ಮೇಲೆ ಬೆರಳಾಡಿಸಿದೆ. ಅಂಚು ಚೂಪಾಗಿತ್ತು. ಒಳಯಂತ್ರವನ್ನು ಮುಚ್ಚುವ ಎಡಬದಿಯ ಸೈಡ್‌ಪ್ಲೇಟ್ ಕೂಡುವ ಗೆರೆ ಉಗುರಿಗೆ ಸಿಗಲೇ ಇಲ್ಲ. ಕಾರ್ಖಾನೆಯಲ್ಲಿ ಪ್ಲೇಟನ್ನು ಕೂರಿಸಿ ಫ್ರೇಮಿನ ಜೊತೆಗೇ ಪಾಲಿಷ್ ಮಾಡುತ್ತಿದ್ದರು. ಬಿಡಿಬಿಡಿಯಾಗಿ ಉಜ್ಜಿದರೆ ಅಲ್ಲಿ ಸಣ್ಣ ಕಾಲುವೆ ಬೀಳುತ್ತದೆ. ಗಾರ್ಡ್ ನೀಲಿಯಾಗಿಯೇ ಇತ್ತು.

ಆದರೆ ಸಿಲಿಂಡರಿನ ಹಿಂಬದಿಯಲ್ಲಿ ಭೂತಗನ್ನಡಿಗೆ ‘ಬಿ’ ಅಕ್ಷರ ಸಿಕ್ಕಿತು. ಬ್ಲೂ ಎಂಬುದರ ಗುರುತು ಅದು. ಅಂದರೆ ಹುಟ್ಟಿದ್ದು ನೀಲಿ, ಈಗ ಮೈಮೇಲಿರುವುದು ನಿಕ್ಕಲ್. ಇಷ್ಟು ಅಚ್ಚುಕಟ್ಟಾಗಿ ಬಣ್ಣ ಬದಲಿಸಿದವರು ಯಾರು?

ಹಿಡಿಯ ತಳದಲ್ಲಿ ಸೀರಿಯಲ್ ನಂಬರಿನ ಪಕ್ಕ ಕೊಳೆ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೆಗೆದೆ. ಪುಟ್ಟದೊಂದು ನಕ್ಷತ್ರ! ಕೆಲಸಕ್ಕಾಗಿ ಕಾರ್ಖಾನೆಗೆ ಮರಳಿದ ರಿವಾಲ್ವರಿಗೆ ಸ್ಮಿತ್ ಅಂಡ್ ವೆಸ್ಸನ್‌ನವರು ಒತ್ತುತ್ತಿದ್ದ ಮುದ್ರೆ. ಆಮೇಲೆ ಹಿಡಿಯ ಎರಡು ಬದಿಯ ರಬ್ಬರ್ ತುಂಡುಗಳನ್ನು ಬಿಚ್ಚಿದೆ. ನೂರು ವರ್ಷ ದಾಟಿದ ಗಟ್ಟಿ ರಬ್ಬರ್ ಹಪ್ಪಳದ ಹಾಗೆ ಮುರಿಯುತ್ತದೆ, ಎಂದೂ ಮೀಟಬಾರದು. ಸ್ಕ್ರೂವನ್ನು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಹಗುರವಾಗಿ ತಟ್ಟಿದರೆ ಎದುರಿನ ತುಂಡು ತಾನೇ ಏಳುತ್ತದೆ. ಒಳಗೆ ಫ್ರೇಮಿನ ಎಡಬದಿಯಲ್ಲಿ ‘6.28’ ಎಂದು ಒತ್ತಿತ್ತು. 1928ರ ಜೂನ್, ಕಾರ್ಖಾನೆಯವರೇ ಮತ್ತೆ ಕೆಲಸ ಮಾಡಿದ ತಿಂಗಳು. ಆ ಸಂಜೆ ನನಗಾದ ಸಂತೋಷ ಇನ್ನೂ ನೆನಪಿದೆ.

ಸ್ಮಿತ್ ಅಂಡ್ ವೆಸ್ಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ನಂಬರ್ ಕಳಿಸಿ ಪತ್ರ ತರಿಸಿದೆ. ಹಳೆಯ ದಾಖಲೆಯಲ್ಲಿ ಮೊದಲು ರವಾನೆಯಾದಾಗಿನ ಬಣ್ಣ ನೀಲಿ ಎಂದೇ ಇತ್ತು. ಪತ್ರವೊಂದನ್ನೇ ನೋಡಿದವರು ಇದನ್ನು ಕೆಡಿಸಿದ ಮಾಲು ಎಂದು ಕೈಬಿಡುತ್ತಿದ್ದರು. ಮೂಲದ ಮೆರುಗು ಉಳಿದಿದ್ದರೆ ಬೆಲೆ ಇನ್ನೂ ಹೆಚ್ಚಿರುತ್ತಿತ್ತು, ನಿಜ. ಆದರೂ ನನಗೆ ಇದು ಹೆಚ್ಚು ಇಷ್ಟ. ಯಾರೋ ಒಬ್ಬರು ಇದನ್ನು ಹತ್ತಾರು ವರ್ಷ ಬಳಸಿ, ಎಸೆಯದೆ, ಹುಟ್ಟಿದ ಮನೆಗೇ ಕಳಿಸಿ ಸರಿಮಾಡಿಸಿಕೊಂಡಿದ್ದಾರೆ.

ಈಗ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಕಲಿಯಲು ಬಂದವರಿಗೆ ಹೆಸರು ಹೇಳದೆ ಎರಡನ್ನೂ ಕೈಗೆ ಕೊಟ್ಟು, ಮೊದಲು ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತೇನೆ.