ಕಿಟ್ ಬಿಟ್ಟು ಬ್ಯಾಕ್ಟೀರಿಯಾದಲ್ಲೇ ಜೋಡಿ ಎಳೆ ಆರ್‌ಎನ್‌ಎ: ನನ್ನ ಅನುಭವ

ಒಂದು ಜೀನಿಗೆ ಹೊಂದುವ ಜೋಡಿ ಎಳೆ ಆರ್‌ಎನ್‌ಎ ಕೀಟದ ಕೋಶ ಸೇರಿದರೆ ಆ ಜೀನ್ ಅಡಗುತ್ತದೆ. ನನ್ನ ಗುರಿ ವಿ-ಎಟಿಪಿಏಸ್, ಕೋಶ ಬದುಕಲು ಬೇಕಾದ ಪ್ರೋಟಾನ್ ಪಂಪಿನ ಜೀನ್. ಆ ಆರ್‌ಎನ್‌ಎ ತುಂಬಿಕೊಂಡ ಇ. ಕೋಲೈ ಬ್ಯಾಕ್ಟೀರಿಯಾವನ್ನು ಬಿಸಿಯಲ್ಲಿ ಕೊಂದು, ಹಾಗೇ ಎಲೆಗೆ ಬಳಿದು, ಎಲೆ ತಿನ್ನುವ ಎಪಿಲಾಕ್ನಾ ದುಂಬಿಯ ಮರಿಗಳನ್ನು ಸಾಯಿಸಬಹುದು ಅಂದಾಗ ನಮ್ಮ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. ಶುದ್ಧ ಮಾಡದ ಆರ್‌ಎನ್‌ಎಯಿಂದ ಬಂದ ಡೇಟಾಗೆ ಬೆಲೆ ಇಲ್ಲ, ಸತ್ತರೂ ಬ್ಯಾಕ್ಟೀರಿಯಾದಿಂದಲೇ ಸತ್ತಿರುತ್ತವೆ ಎಂಬುದು ಅವರ ವಾದ. ಈಗ ಬ್ಯಾಚ್ ಮೇಲೆ ಬ್ಯಾಚ್ ಮುಕ್ಕಾಲು ಪಾಲಿಗೂ ಹೆಚ್ಚು ಮರಿಗಳು ಸಾಯುತ್ತಿವೆ. ಅದೇ ಬ್ಯಾಕ್ಟೀರಿಯಾದಲ್ಲಿ ಕೀಟದಲ್ಲಿ ಇಲ್ಲದ ಜಿಎಫ್‌ಪಿ ಜೀನಿನ ಜೋಡಿ ಎಳೆ ಮಾಡಿ ತಿನ್ನಿಸಿದ ಮರಿಗಳು ಆರಾಮಾಗಿ ಪ್ಯೂಪಾ ಆಗುತ್ತಿವೆ. ಇದಾದ ಮೇಲೆ ಆ ವಾದ ನಿಂತಿದೆ.

ಮೊದಲು ದುಡ್ಡಿನ ಮಾತು. ಕೊಳವೆಯಲ್ಲೇ ಆರ್‌ಎನ್‌ಎ ತಯಾರಿಸುವ ಟಿ7 ಕಿಟ್‌ನ ಒಂದು ರಿಯಾಕ್ಷನ್‌ಗೆ ನೂರು, ಹೆಚ್ಚೆಂದರೆ ನೂರೈವತ್ತು ಮೈಕ್ರೋಗ್ರಾಂ ಸಿಗುತ್ತಿತ್ತು. ಸೂಜಿಯಲ್ಲಿ ಚುಚ್ಚುವವರಿಗೆ ಅದು ಧಾರಾಳ. ಎಲೆ ತಿನ್ನಿಸುವವರಿಗೆ ಒಂದು ಡೋಸ್ ಪ್ರಯೋಗಕ್ಕೂ ಸಾಲದು, ಯಾಕೆಂದರೆ ದಿನ ಬಿಟ್ಟು ದಿನ ಹೊಸ ಎಲೆ ಬಳಿಯಬೇಕು. ಒಂದು ವರ್ಷದ ರಾಸಾಯನಿಕಗಳ ಹಣದಲ್ಲಿ ಹೆಚ್ಚುಕಮ್ಮಿ ಅರ್ಧ ಕಿಟ್‌ಗಳಿಗೇ ಹೋಯಿತು. ಬ್ಯಾಕ್ಟೀರಿಯಾಕ್ಕೆ ಬದಲಾದ ಮೇಲೆ ಮಿಲಿಗ್ರಾಂ ಲೆಕ್ಕದಲ್ಲಿ ಕಿಟ್‌ನ ಇಪ್ಪತ್ತರಲ್ಲಿ ಒಂದು ಪಾಲೂ ಖರ್ಚಿಲ್ಲ, ಅದರಲ್ಲೂ ದೊಡ್ಡ ಬಾಬ್ತು ಆರ್‌ಎನ್‌ಎ ತಯಾರಿ ಶುರು ಮಾಡಿಸುವ ಐಪಿಟಿಜಿ ಎಂಬ ರಾಸಾಯನಿಕದ್ದು.

ನಾನು ಬಳಸುವುದು ಜೋಡಿ ಎಳೆ ಕತ್ತರಿಸುವ ಕಿಣ್ವ ಇಲ್ಲದ ಎಚ್‌ಟಿ115 ಎಂಬ ಇ. ಕೋಲೈ ತಳಿ, ಅದರೊಳಗೆ ಎರಡೂ ಎಳೆ ಮಾಡಿಸುವ ಎಲ್4440 ಪ್ಲಾಸ್ಮಿಡ್ (ಡಿಎನ್‌ಎ ಉಂಗುರ). ಜೋಡಿ ಎಳೆ ಮಾಡುವ ಬ್ಯಾಕ್ಟೀರಿಯಾವನ್ನೇ ತಿನ್ನಿಸುವ ವಿಧಾನ 1998ರಿಂದ ಸೀ. ಎಲೆಗನ್ಸ್ ಎಂಬ ದುಂಡುಹುಳುವಿನ ಸಂಶೋಧಕರು ಬಳಸುತ್ತ ಬಂದದ್ದು. ಆದರೆ ಅವರ ಪ್ರೋಟೊಕಾಲ್ ಹಾಗೇ ಎತ್ತಿಕೊಂಡರೆ ಇಳುವರಿ ಒಂದು ವಾರ ಚೆನ್ನಾಗಿರುತ್ತದೆ, ಇನ್ನೊಂದು ವಾರ ಜೆಲ್‌ನಲ್ಲಿ ಬ್ಯಾಂಡೇ ಇರುವುದಿಲ್ಲ. ಇದರ ಹಿಂದೆ ಬಿದ್ದು ತಿಂಗಳುಗಳು ಹೋದವು. ಕಾರಣ ಫ್ರೀಜರಿನಲ್ಲಿಟ್ಟ ಬ್ಯಾಕ್ಟೀರಿಯಾದ ಹಳೇ ಗ್ಲಿಸರಾಲ್ ಸ್ಟಾಕ್. ಈಗ ಪ್ರತಿ ಬ್ಯಾಚಿಗೂ ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿದ (ಪ್ಲಾಸ್ಮಿಡ್ ಸೇರಿಸಿದ) ಕಾಲೊನಿ. ಈ ತಳಿಯನ್ನಷ್ಟೇ ಉಳಿಸುವ ಆಂಟಿಬಯೋಟಿಕ್ ಟೆಟ್ರಾಸೈಕ್ಲಿನ್ ಪ್ಲೇಟಿನಲ್ಲಿ ಮಾತ್ರ, ಐಪಿಟಿಜಿ ಹಾಕುವ ಕಲ್ಚರಿಗೆ ಹಾಕುವುದಿಲ್ಲ. ಓಡಿ (ಕಲ್ಚರಿನ ಮಬ್ಬಿನ ಅಳತೆ) 0.5ರ ಆಸುಪಾಸಿನಲ್ಲಿ 0.4 ಮಿಲಿಮೋಲಾರ್ ಐಪಿಟಿಜಿ, 37 ಡಿಗ್ರಿಯಲ್ಲಿ ನಾಲ್ಕೈದು ಗಂಟೆ. ಲೀಟರಿಗೆ ಹತ್ತು ಮಿಲಿಗ್ರಾಂ ಹತ್ತಿರ ಬರುತ್ತದೆ.

ಆ ಹತ್ತನ್ನು ಬೆಳಕಿನಿಂದ ಒಟ್ಟು ಆರ್‌ಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರ ನೋಡಿ ಹೇಳುತ್ತಿಲ್ಲ. ಒಟ್ಟು ಆರ್‌ಎನ್‌ಎಯಲ್ಲಿ ರೈಬೋಸೋಮಿನದೇ ರಾಶಿ ಇರುತ್ತದೆ, ರೀಡಿಂಗ್ ನಂಬಿದರೆ ಮೂರು ನಾಲ್ಕು ಪಟ್ಟು ಹೆಚ್ಚು ಕಾಣುತ್ತದೆ. 0.3 ಮೋಲಾರ್ ಉಪ್ಪಿನಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಎ ಹಾಕಿದರೆ ಒಂಟಿ ಎಳೆಯದೆಲ್ಲ ಹೋಗಿ ಜೋಡಿ ಎಳೆ ಉಳಿಯುತ್ತದೆ. ಉಪ್ಪು ಕಡಿಮೆಯಾದರೆ ಜೋಡಿಯೂ ಹೋಗುತ್ತದೆ. ಆಮೇಲೆ ಜೆಲ್‌ನಲ್ಲಿ ಗೊತ್ತಿರುವ ಪ್ರಮಾಣದ ಪಕ್ಕ ಓಡಿಸಿ ಅಳೆಯುತ್ತೇನೆ. ರೀಡಿಂಗ್ ಬೇಕೇ ಬೇಕೆಂದರೆ ಈ ಜೀರ್ಣದ ನಂತರ ತೆಗೆದುಕೊಳ್ಳಿ, ಅದೂ ಒಂಟಿ ಎಳೆಯ 40ರ ಬದಲು ಜೋಡಿ ಎಳೆಯ 46 ಚಿಲ್ಲರೆಯ ಗುಣಕದಲ್ಲಿ. ಈ ಶುದ್ಧೀಕರಣ ಅಳೆಯಲು ತೆಗೆದ ಸ್ಯಾಂಪಲಿಗೆ ಮಾತ್ರ. ಎಲೆಗೆ ಹೋಗುವುದು ಕೊಂದ ಕೋಶಗಳೇ. ಬಿಸಿ ಮಾಡಿದ್ದನ್ನು ಪ್ರತಿ ಸಲ ಎಲ್‌ಬಿ ಪ್ಲೇಟಿಗೆ ಎಳೆದು, ಒಂದು ಕಾಲೊನಿಯೂ ಬರದಿದ್ದರೆ ಮಾತ್ರ ಮುಂದಕ್ಕೆ. ಬಿಸಿ ಎಷ್ಟು, ಎಲೆಗೆ ಅಂಟಲು ಏನು ಬೆರೆಸುತ್ತೇನೆ ಎಂಬುದನ್ನು ಪೇಪರ್ ಬರುವ ತನಕ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ಸೋಲು ಸ್ಪೊಡಾಪ್ಟೆರಾ ಎಂಬ ಪತಂಗದ ಹುಳುವಿನಲ್ಲಿ. ಅದೇ ವಿ-ಎಟಿಪಿಏಸ್, ಡೋಸ್ ಹತ್ತು ಪಟ್ಟು ಏರಿಸಿದರೂ ಹುಳುಗಳು ತಿಂದು ಕೊಬ್ಬಿದವು. ಕೊನೆಗೆ ಎರಡೂ ಕೀಟಗಳ ಕರುಳಿನ ರಸ ತೆಗೆದು ಅದರಲ್ಲಿ ಜೋಡಿ ಎಳೆ ಹಾಕಿ ನೋಡಿದೆ. ಸ್ಪೊಡಾಪ್ಟೆರಾ ರಸದಲ್ಲಿ ಹತ್ತು ನಿಮಿಷಕ್ಕೆ ಬ್ಯಾಂಡ್ ಮಾಯ. ದುಂಬಿಯದರಲ್ಲಿ ಅರ್ಧ ಗಂಟೆಯಾದರೂ ಕಾಣುತ್ತಿತ್ತು. ಈ ಪರೀಕ್ಷೆಗೆ ಖರ್ಚೇ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಹೊಸ ಕೀಟ ಹಿಡಿಯುವವರು ಕ್ಲೋನಿಂಗ್‌ಗೆ ಕೈ ಹಾಕುವ ಮುಂಚೆ ಮಾಡಬೇಕಾದ್ದು ಇದು. ಮಾರುಕಟ್ಟೆ ತನಕ ಬಂದಿರುವ ಮೆಕ್ಕೆಜೋಳದ ಬೇರುಹುಳುವಿನ ಸ್ನಫ್7 ಜೀನನ್ನು ಅಡಗಿಸುವ ತಳಿ ಆಗಲಿ, ಆಲೂಗಡ್ಡೆಯ ಕೊಲೊರಾಡೊ ದುಂಬಿಗೆ ಸಿಂಪಡಿಸುವ ಜೋಡಿ ಎಳೆ ಲೆಡ್‌ಪ್ರೋನಾ ಆಗಲಿ, ದುಂಬಿಗಳ ಮೇಲೇ ಗೆದ್ದಿವೆ.

ಜೀನ್ ಎಷ್ಟು ಕುಗ್ಗಿದೆ ಎಂದು ಅಳೆಯುವ ಕ್ಯುಪಿಸಿಆರ್ ಬಗ್ಗೆ ಒಂದೇ ಮಾತು. ಪ್ರೈಮರ್‌ಗಳು (ಅಳೆಯುವ ಜಾಗ ಗುರುತಿಸುವ ಡಿಎನ್‌ಎ ಚೂರುಗಳು) ತಿನ್ನಿಸಿದ ತುಣುಕಿನ ಆಚೆಗಿರಲಿ. ಒಳಗಿದ್ದರೆ ಹೊಟ್ಟೆಯಲ್ಲಿರುವ ಜೋಡಿ ಎಳೆಯೇ ವರ್ಧಿಸಿ, ಜೀನ್ ಕುಗ್ಗುವ ಬದಲು ಏರಿದಂತೆ ತೋರುತ್ತದೆ. ಆಚೆಗಿಟ್ಟ ಮೇಲೆ ನನಗೆ ಮೂರನೇ ದಿನಕ್ಕೆ ಶೇ. 70ರ ಆಸುಪಾಸು ಇಳಿಕೆ ಸಿಕ್ಕಿತು. ಮರಿಗಳು ನಾಲ್ಕನೇ ದಿನ ಎಲೆ ಬಿಡುತ್ತವೆ, ಸಾಯಲು ಇನ್ನೂ ಮೂರು ನಾಲ್ಕು ದಿನ.

ನಡುವೆ ಜೋಡಿ ಎಳೆಯನ್ನು ಹಿಡಿದಿಡುವ ಜೇಡಿಮಣ್ಣಿನ ನ್ಯಾನೋ ಹಾಳೆಗಳ ಕಡೆಗೂ ಹೋಗಿ ಬಂದೆ. ಆಸ್ಟ್ರೇಲಿಯಾದವರು 2017ರಲ್ಲಿ ಜೋಡಿ ಎಳೆಯನ್ನು ಜೇಡಿಗೆ ಕಟ್ಟಿ ಸಿಂಪಡಿಸಿ, ವೈರಸ್‌ನಿಂದ 20 ದಿನ ರಕ್ಷಣೆ ತೋರಿಸಿದ್ದರು. ನನ್ನ ಎಲೆಗಳ ಮೇಲೆ ತೊಳೆದರೂ ಉಳಿಯಿತು, ಆದರೆ ಮರಿಗಳ ಸಾವು ಏರಲಿಲ್ಲ. ಬ್ಯಾಕ್ಟೀರಿಯಾ ಕೋಶದ ಗೋಡೆಯೇ ಜೋಡಿ ಎಳೆಯನ್ನು ಅಷ್ಟು ಕಾಯುತ್ತದೆ ಅನ್ನಿಸಿ, ಆ ಖರ್ಚು ಕೈಬಿಟ್ಟೆ.

ನನಗೆ ನಿಜವಾಗಿ ಭಯವಿದ್ದದ್ದು ಬೇರೆ ಕಡೆ. ಎಪಿಲಾಕ್ನಾ ಮತ್ತು ಗಿಡಹೇನು ತಿನ್ನುವ ಗುಲಗಂಜಿ ಹುಳು ಒಂದೇ ಕುಟುಂಬದವು. ವಿ-ಎಟಿಪಿಏಸ್ ಎರಡರಲ್ಲೂ ತುಂಬ ಹತ್ತಿರ. ರೈತನ ಮಿತ್ರನನ್ನು ಕೊಲ್ಲುವ ಔಷಧಿ ನನಗೆ ಬೇಡ. ಕೋಶ ಜೋಡಿ ಎಳೆಯನ್ನು 21 ಬೇಸ್ (ಆರ್‌ಎನ್‌ಎ ಅಕ್ಷರ) ಆಸುಪಾಸಿನ ಚೂರುಗಳಾಗಿ ಕತ್ತರಿಸಿ ಬಳಸುತ್ತದೆ. ಹಾಗಾಗಿ ಸುಮಾರು ಮುನ್ನೂರು ಬೇಸ್‌ನ ತುಣುಕು ಆರಿಸುವಾಗ 21 ಬೇಸ್‌ನ ಒಂದು ಕಿಟಕಿಯೂ ಗುಲಗಂಜಿ ಹುಳುವಿನ ಜೀನಿಗೆ ಪೂರ್ತಿ ಹೊಂದದ ಜಾಗ ಹುಡುಕಿದೆ. ಕೊಲ್ಲುವ ಶಕ್ತಿ ತುಸು ಕಡಿಮೆಯಾಯಿತು, ಇರಲಿ. ಅದೇ ತುಣುಕನ್ನು ಸಕ್ಕರೆ ನೀರಿನಲ್ಲಿ ಗುಲಗಂಜಿ ಹುಳುವಿನ ಮರಿಗಳಿಗೆ ಕುಡಿಸಿದ್ದೇನೆ. ಬರೀ ಸಕ್ಕರೆ ನೀರು ಕುಡಿದವುಗಳಷ್ಟೇ ಬದುಕಿ ದುಂಬಿಗಳಾದವು. ಅವುಗಳ ಮೊಟ್ಟೆಯ ಲೆಕ್ಕ ಈಗ ನಡೆಯುತ್ತಿದೆ.